ಸಬ್ಜೆಕ್ಟ್ ಎಂದರೆ ಕರ್ತೃವೇ?

ಹೊಸರಿತ್ತಿಯ ಸೀಮೆಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದಾಗಿನ ಮಾತು. ಸಬ್ಜೆಕ್ಟ್ ಎಂದರೆ ಕರ್ತೃ, ಆಬ್ಜೆಕ್ಟ್ ಎಂದರೆ ಕರ್ಮ, ವರ್ಬ್ ಎಂದರೆ ಕ್ರಿಯಾಪದ ಎಂದು ನನ್ನ ಗುರುಗಳು ಹೇಳಿಕೊಟ್ಟಂತೆಯೇ ಹಲಗೆಯ ಮೇಲೆ ಬರೆಯುತ್ತಿದ್ದೆ. ಬ್ಯಾಡಗಿ ಪೇಟೆ ಹತ್ತಿರವಿದ್ದುದರಿಂದ ಉದಾಹರಣೆಗಳೆಲ್ಲ ಮೆಣಸಿನಕಾಯಿಯವೇ! ‘ರೈತನು ಮೆಣಸಿನಕಾಯಿಯನ್ನು ಮಾರಿದನು’ ಎಂಬಲ್ಲಿಯವರೆಗೆ ತೊಡಕಿರಲಿಲ್ಲ. ಪ್ಯಾಸಿವ್ ವಾಯ್ಸ್ ಪಾಠದಲ್ಲಿ ‘ಚಿಲ್ಲೀಸ್ ವರ್ ಸೋಲ್ಡ್ ಬೈ ದ ಫಾರ್ಮರ್’ ಎಂದು ಬರೆದು, ಸಬ್ಜೆಕ್ಟ್ ಚಿಲ್ಲೀಸ್ ಎಂದೆ.

“ಮಾರಿದಾಂವ ರೈತ ಅಲ್ರಿ ಸರ? ಮೆಣಸಿನಕಾಯಿ ಹೆಂಗ ಕರ್ತೃ ಆಗತೈತ್ರಿ?” ಎಂದಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು. ಗದರಿಸಿ ಕೂರಿಸಿದೆ.

ಸರಿಯಿದ್ದವಳು ಅವಳೇ. ಕರ್ತೃ, ಕರ್ಮಗಳು ಪಾಣಿನಿಯ ಕಾರಕಗಳು. ವಾಕ್ಯವನ್ನು ಹೇಗೆ ತಿರುಗಿಸಿದರೂ ಮಾರಿದವನೇ ಕರ್ತೃ. ಸಬ್ಜೆಕ್ಟ್ ಎಂಬುದು ಗ್ರೀಕ್, ಲ್ಯಾಟಿನ್ ಪರಂಪರೆಯಿಂದ ಬಂದದ್ದು. ‘ವರ್’ ಎಂಬ ಬಹುವಚನ ಚಿಲ್ಲೀಸನ್ನು ಅನುಸರಿಸಿತು, ಆದ್ದರಿಂದ ಅದೇ ಸಬ್ಜೆಕ್ಟ್.

13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಪರಿಭಾಷೆಯನ್ನು ಕನ್ನಡಕ್ಕೆ ಒಗ್ಗಿಸಿದನು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿ ಸಿರಾಂಪುರದಲ್ಲಿ ಅಚ್ಚಾಯಿತು. 1872ರಲ್ಲಿ ಕೇಶಿರಾಜನ ಗ್ರಂಥವನ್ನು ಸಂಪಾದಿಸಿದ ಕಿಟೆಲ್ಲರು, 1903ರಲ್ಲಿ ತಮ್ಮದೇ ವ್ಯಾಕರಣವನ್ನೂ ಇಂಗ್ಲಿಷಿನಲ್ಲಿ ಹೊರತಂದರು. ಹೀಗೆ ಎರಡು ಪರಂಪರೆಗಳು ಒಂದೇ ಪುಟದಲ್ಲಿ ಕೂಡಿದವು. ಅವುಗಳ ಮಾತುಗಳನ್ನು ಸರಿಸಮವೆಂದು ಬಗೆದವರು ನಮ್ಮಂಥ ಮೇಷ್ಟ್ರುಗಳು, ಬಿ.ಎಡ್. ತರಗತಿಯಲ್ಲಿಯೂ ನನಗೆ ಈ ಭೇದವನ್ನು ಯಾರೂ ಹೇಳಲಿಲ್ಲ.

ನಿವೃತ್ತಿಗೆ ಮುಂಚಿನ ಕೆಲವು ವರ್ಷ ಸಬ್ಜೆಕ್ಟನ್ನು ಸಬ್ಜೆಕ್ಟ್ ಎಂದೇ ಕಲಿಸಿದೆ. ಅಷ್ಟರಲ್ಲಿ ಆ ಹುಡುಗಿ ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು.