ಮಾಲಿಬ್ಡಿನಮ್ ಮತ್ತು ಗಂಧಕ: ಪ್ರೊ. ಎಸ್. ಚಂದ್ರಶೇಖರನ್ ಅವರ ಸಂಶೋಧನೆ

ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆ ಸೇರಿ ಕಬ್ಬಿಣವಾಗುತ್ತಿತ್ತು. ಲೋಹವೆಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುವುದು ಅದೇ. ಆದರೆ ಔಷಧಿಯಂಥ ಸಾವಯವ ವಸ್ತುಗಳನ್ನು ಕಟ್ಟುವಲ್ಲಿಯೂ ಲೋಹಗಳಿಗೆ ದೊಡ್ಡ ಪಾತ್ರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ದಾರಿಯಲ್ಲಿ ದೀರ್ಘಕಾಲ ದುಡಿದವರು ಪ್ರೊ. ಶ್ರೀನಿವಾಸನ್ ಚಂದ್ರಶೇಖರನ್.

1945ರಲ್ಲಿ ಜನಿಸಿದ ಅವರು ಮದರಾಸು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಹಾರ್ವರ್ಡ್‌ನಲ್ಲಿ ರಸಾಯನವಿಜ್ಞಾನಿ ಇ. ಜೆ. ಕೋರಿ ಅವರ ಬಳಿ ಸಂಶೋಧನೆ ಮಾಡಿದರು. ಬಳಿಕ ಕಾನ್ಪುರದ ಐಐಟಿ, ಆಮೇಲೆ ಬೆಂಗಳೂರು. 1989ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಅವರ ಕೈಯಲ್ಲಿ ಪಳಗಿದ ವಸ್ತು ಟೆಟ್ರಾಥಯೋಮಾಲಿಬ್ಡೇಟ್: ಒಂದು ಮಾಲಿಬ್ಡಿನಮ್ ಪರಮಾಣು, ಸುತ್ತ ನಾಲ್ಕು ಗಂಧಕ. ಬ್ರೋಮಿನ್ ಇರುವ ಸಾವಯವ ಅಣುವಿನೊಡನೆ ಇದನ್ನು ಬೆರೆಸಿದರೆ ಬ್ರೋಮಿನ್ ಹೊರಬಿದ್ದು ಗಂಧಕ ಅದರ ಜಾಗ ಹಿಡಿಯುತ್ತದೆ. ಲೋಹವು ಎಲೆಕ್ಟ್ರಾನ್‌ಗಳನ್ನು ತಾನು ಪಡೆದುಕೊಳ್ಳುತ್ತದೆ, ಗಂಧಕದ ಎರಡು ಪರಮಾಣುಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಹುಟ್ಟುವುದು ಡೈಸಲ್ಫೈಡ್ ಬಂಧ. ಇನ್ಸುಲಿನ್‌ನ ಎರಡು ಸರಪಳಿಗಳನ್ನು ಹಿಡಿದಿಟ್ಟಿರುವುದೂ ಇದೇ. ಹೆಚ್ಚು ಕಾಯಿಸದೆ, ಕೋಣೆಯ ಉಷ್ಣತೆಯಲ್ಲೇ ಈ ಕ್ರಿಯೆ ನಡೆಯಬಲ್ಲದು. ಸಕ್ಕರೆ, ಅಮೈನೋ ಆಮ್ಲಗಳಂಥ ನಾಜೂಕಾದ ಅಣುಗಳಿಗೂ ಒಗ್ಗುವುದೇ ಈ ವಿಧಾನದ ನಿಜವಾದ ಹೆಚ್ಚುಗಾರಿಕೆ.

ಮಾಲಿಬ್ಡಿನಮ್ ನಮ್ಮ ಹೊಲಗಳಿಗೆ ಹೊಸದಲ್ಲ. ಹುರುಳಿ, ಅವರೆ ಗಿಡಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದು ಈ ಲೋಹವಿರುವ ಕಿಣ್ವದಿಂದ. ಅಲ್ಲಿಯೂ ಅದರ ಜೊತೆಗಿರುವುದು ಗಂಧಕ, ಕಬ್ಬಿಣ. ಮಕ್ಕಳೇ, ಹೊಲಕ್ಕೆ ಹೋದಾಗ ಒಂದು ಹುರುಳಿ ಗಿಡ ಕಿತ್ತು ಬೇರಿನ ಗಂಟನ್ನು ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಆ ಕೆಲಸ ನಡೆಯುತ್ತಿದೆ.