ಕಡಲ ತಳದ ಕಥೆಗಳು | ಭಾಗ 6: ವಾಪಸ್ ಬಾರದ ಹಡಗು

1952ರ ಸೆಪ್ಟೆಂಬರ್ 17. ಟೋಕಿಯೋದಿಂದ ದಕ್ಷಿಣಕ್ಕೆ 400 ಕಿ.ಮೀ.ಗೂ ದೂರದಲ್ಲಿ, ‘ಮ್ಯೋಜಿನ್ ಮಾರು’ ಅನ್ನೋ ಮೀನುಗಾರಿಕೆ ಹಡಗಿನವರಿಗೆ ನಡುಗಡಲಲ್ಲಿ ಜ್ವಾಲಾಮುಖಿಯೊಂದು ಸಿಡೀತಿರೋದು ಕಾಣಿಸ್ತು. ಆ ಹಡಗಿನ ಹೆಸರೇ ಅದಕ್ಕೂ ಬಂತು: ಮ್ಯೋಜಿನ್-ಶೋ.

ಸಮುದ್ರದ ನಕ್ಷೆ ಮಾಡೋದು, ಹಡಗುಗಳಿಗೆ ಅಪಾಯ ಎಲ್ಲಿದೆ ಅಂತ ಗುರುತಿಸೋದು ಜಪಾನಿನ ಜಲಮಾಪನ ಇಲಾಖೆಯ ಕೆಲಸ. ಇಲಾಖೆ ತನ್ನ ಸರ್ವೇ ಹಡಗು ‘ಕಾಯೋ ಮಾರು 5’ ಅನ್ನು ಕಳಿಸಿತು. ಅದರಲ್ಲಿ 31 ಜನ. ಹವಳದ ದಿಬ್ಬಗಳ ಅಧ್ಯಯನಕ್ಕೆ ಹೆಸರಾಗಿದ್ದ ಭೂವಿಜ್ಞಾನಿ ತಾಯಾಮಾ ರಿಸಾಬುರೋ ಕೂಡ ಇದ್ದರು.

ಸೆಪ್ಟೆಂಬರ್ 24ರ ನಂತರ ಆ ಹಡಗಿನ ಸುದ್ದಿಯೇ ಇಲ್ಲ. ಹುಡುಕಿದವರಿಗೆ ಸಿಕ್ಕಿದ್ದು ಒಡೆದ ಮರದ ಚೂರುಗಳು ಮಾತ್ರ. ಅದರೊಳಗೆ ಜ್ವಾಲಾಮುಖಿಯ ಕಲ್ಲಿನ ತುಣುಕುಗಳು ನಾಟಿಕೊಂಡಿದ್ದವು. 31 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಯಾಕೆ ಹೀಗಾಯ್ತು? ಕಡಲ ಆಳದಲ್ಲಿ ಲಾವಾ ಉಕ್ಕಿದರೆ ಮೇಲಿನ ನೀರಿನ ಭಾರವೇ ಅದನ್ನ ಅದುಮಿ ಹಿಡಿಯುತ್ತೆ. ಆದ್ರೆ ಜ್ವಾಲಾಮುಖಿಯ ಬಾಯಿ ನೀರಿನ ಮೇಲ್ಮೈಗೆ ಹತ್ತಿರ ಇದ್ದಾಗ ಆ ಭಾರ ಇರಲ್ಲ. ಕಾದ ಶಿಲಾರಸ ತಾಗಿದ ನೀರು ಕ್ಷಣದಲ್ಲೇ ಆವಿಯಾಗಿ, ನೂರಾರು ಪಟ್ಟು ಹಿಗ್ಗಿ, ಬಾಂಬಿನ ಹಾಗೆ ಸಿಡಿಯುತ್ತೆ. ಮ್ಯೋಜಿನ್-ಶೋ ಅಂಥದ್ದು.

ನೋಡಿದವರು ಯಾರೂ ಬದುಕಿಲ್ಲ ಅಂದ್ಮೇಲೆ ಸ್ಫೋಟ ಯಾವಾಗ ಆಯ್ತು ಅಂತ ಗೊತ್ತಾಗಿದ್ದು ಹೇಗೆ? ಕಡಲೇ ಸಾಕ್ಷಿ ಹೇಳ್ತು.

ಶಾಂತಸಾಗರದ ಆ ಬದಿ, ಕ್ಯಾಲಿಫೋರ್ನಿಯಾದ ತೀರದಲ್ಲಿ, ಅಮೆರಿಕದವರು ನೀರೊಳಗೆ ಮೈಕ್‌ಗಳನ್ನ ಇಳಿಸಿದ್ದರು. ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರನ್ನ ಪತ್ತೆ ಮಾಡಲು ರೂಪಿಸಿದ ವ್ಯವಸ್ಥೆ ಅದು. ಕಡಲಲ್ಲಿ ಒಂದು ನಿರ್ದಿಷ್ಟ ಆಳದ ಪದರದಲ್ಲಿ ಶಬ್ದ ಹೆಚ್ಚು ಕುಂದದೆ ಸಾವಿರಾರು ಕಿ.ಮೀ. ಸಾಗುತ್ತೆ. ಸೆಕೆಂಡಿಗೆ ಸುಮಾರು ಒಂದೂವರೆ ಕಿ.ಮೀ. ವೇಗ. ಮ್ಯೋಜಿನ್-ಶೋದ ಸದ್ದು ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಮುಟ್ಟಿ ದಾಖಲಾಗಿತ್ತು! ರಾಬರ್ಟ್ ಡೀಟ್ಜ್ ಮತ್ತು ಶೀಹಿ ಆ ದಾಖಲೆಗಳನ್ನ ತೆಗೆದು ಲೆಕ್ಕ ಹಾಕಿ, 1954ರಲ್ಲಿ ಪ್ರಕಟಿಸಿದರು. 24ರ ಮಧ್ಯಾಹ್ನ 12 ದಾಟಿದ ಸ್ವಲ್ಪ ಹೊತ್ತಿಗೆ ಆದ ದೊಡ್ಡ ಸ್ಫೋಟವೇ ಹಡಗನ್ನ ತೆಗೆದುಕೊಂಡು ಹೋಗಿರಬೇಕು ಅನ್ನೋದು ತೀರ್ಮಾನ.

ಕಡಲೊಳಗಿನ ಜ್ವಾಲಾಮುಖಿಯನ್ನ ಅದರ ನೆತ್ತಿಯ ಮೇಲೆ ನಿಂತೇ ಅಳೀಬೇಕಿಲ್ಲ, ದೂರದಿಂದ ಕಿವಿಗೊಟ್ಟರೂ ಸಾಕು ಅಂತ ಈ ದುರಂತ ತೋರಿಸಿತು. ಇವತ್ತು ಜಪಾನಿನ ಸರ್ವೇ ಹಡಗುಗಳು ಇಂಥ ಜಾಗದಲ್ಲಿ ತಾವು ದೂರ ನಿಂತು, ‘ಮಾನ್‌ಬೋ’ ಅನ್ನೋ ಜನರಿಲ್ಲದ ಪುಟ್ಟ ದೋಣಿಯನ್ನ ಒಳಗೆ ಕಳಿಸ್ತವೆ. ಕಡಲ ತಳದ ನಕ್ಷೆಯಲ್ಲಿ ಒಂದು ಚುಕ್ಕೆ ಇಡೋಕೆ ಹೋದ 31 ಜನರ ಜೀವದ ಬೆಲೆ ಆ ಖಾಲಿ ದೋಣಿಯ ಹಿಂದಿದೆ.

ಮುಂದಿನ ಭಾಗ: ಇದೇ ಡೀಟ್ಜ್ 1961ರಲ್ಲಿ “ಕಡಲ ತಳ ಅಗಲ ಆಗ್ತಾ ಇದೆ” ಅಂದಿದ್ದು ಯಾಕೆ?

#ಕಡಲತಳದಕಥೆಗಳು #ಇತಿಹಾಸ #ಜ್ವಾಲಾಮುಖಿ