ನೆಲಬಾಂಬು ತೆಗೆಯುವ ಆಟಕ್ಕೆ ಅವಸರ ಒಗ್ಗದು

ನಮ್ಮಲ್ಲಿ ಬಹಳ ಜನರಿಗೆ ನೆಲಬಾಂಬು ಮೊದಲು ಪರಿಚಯವಾದದ್ದು ಆಟವಾಗಿ. 1992ರ ವಿಂಡೋಸ್ 3.1ರ ಜೊತೆ ಬಂದ ಮೈನ್‌ಸ್ವೀಪರ್ ಕಚೇರಿಗಳ ಎಷ್ಟೋ ಮಧ್ಯಾಹ್ನಗಳನ್ನು ನುಂಗಿಹಾಕಿತು. ಇಟಲಿಯಲ್ಲಿ ಅದಕ್ಕೆ ವಿರೋಧ ಎದ್ದ ಮೇಲೆ ಬಾಂಬಿನ ಜಾಗದಲ್ಲಿ ಹೂವು ಬಂತು. ಚಿತ್ರ ಬದಲಾಯಿತು, ಸುಳ್ಳು ಉಳಿಯಿತು: ಪಕ್ಕದಲ್ಲಿ ಎಷ್ಟು ಬಾಂಬುಗಳಿವೆ ಎಂದು ಅಂಕಿ ಬರೆದು ತೋರಿಸುವ ಹೊಲ ಎಲ್ಲಿದೆ?

2001ರ ಡಿಸೆಂಬರ್‌ನಲ್ಲಿ ದೆಹಲಿಯ ಸಂಸತ್ ಭವನದ ಮೇಲೆ ದಾಳಿಯಾದ ನಂತರ ಸೇನೆಯನ್ನು ಗಡಿಗೆ ಕಳಿಸಿದ ಆಪರೇಷನ್ ಪರಾಕ್ರಮ್ ಶುರುವಾಯಿತು. ಪಂಜಾಬ್, ರಾಜಸ್ಥಾನ, ಜಮ್ಮು ಗಡಿಯ ಉಳುವ ಹೊಲಗಳಲ್ಲೇ ಬಾಂಬು ಹೂಳಲಾಯಿತು. ಹೂಳುವುದೂ ತೆಗೆಯುವುದೂ ಸೇನೆಯ ಸ್ಯಾಪರ್‌ಗಳ ಕೆಲಸ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಿಂದಾಗಿ ಆ ಹೆಸರು ನಮಗೆ ಹೊಸದಲ್ಲ. ಮೀಟರ್ ಅಗಲದ ಓಣಿಗೆ ಪಟ್ಟಿ ಕಟ್ಟಿ, ಲೋಹಶೋಧಕ ಕೂಗಿದಲ್ಲಿ ನೆಲಕ್ಕೊರಗಿ, ಸಲಾಕೆಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಗೇ ತಾಗುತ್ತದೆ. ಎಂ-14 ಮಾದರಿಯದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಹೆಚ್ಚುಕಡಿಮೆ ಪೂರಾ ಪ್ಲಾಸ್ಟಿಕ್. ಶೋಧಕಕ್ಕೆ ಸಿಗಲೆಂದು ಕನಿಷ್ಠ 8 ಗ್ರಾಂ ಕಬ್ಬಿಣದಷ್ಟಾದರೂ ಸುಳಿವು ಕೊಡುವಂತಿರಬೇಕೆನ್ನುವ ಅಂತರರಾಷ್ಟ್ರೀಯ ನಿಯಮವನ್ನು ಭಾರತ ಒಪ್ಪಿದೆ. ನೆಲಬಾಂಬನ್ನೇ ನಿಷೇಧಿಸುವ 1997ರ ಒಟ್ಟಾವಾ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿಲ್ಲ.

ನೆಲಬಾಂಬಿನ ಬಗೆಗಿನ ಜಾಗೃತಿಯ ಕೆಲಸ ಕಾಮಿಕ್ಸ್‌ನಲ್ಲೂ ನಡೆಯಿತು. 1996ರಲ್ಲಿ ಬೋಸ್ನಿಯಾದ ಮಕ್ಕಳಿಗಾಗಿ ಸೂಪರ್‌ಮ್ಯಾನ್ ಪುಸ್ತಕವೇ ಅಚ್ಚಾಯಿತು. ಹಾರಬಲ್ಲವನಿಗೆ ನೆಲದ ಭಯ ಎಲ್ಲಿಯದು ಎಂದು ಯಾರಾದರೂ ಕೇಳಬೇಕಿತ್ತು. ಕಾಂಬೋಡಿಯದ ಮಕ್ಕಳಿಗೆ ಗೋಲ್ಡನ್ ವೆಸ್ಟ್ ಸಂಸ್ಥೆ ಮತ್ತು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿ ಮಾಡಿದ ‘ಅಂಡರ್‌ಕವರ್ ಯುಎಕ್ಸ್‌ಓ’ ಆಟ ಇದಕ್ಕಿಂತ ಮೇಲು. ಸುತ್ತಲಿನ ಅಪಾಯದ ಗುರುತು ಓದುವುದನ್ನು ಅದು ಕಲಿಸಲು ಹೊರಟಿತು.

ದೆಹಲಿ ಸೀಮೆಯಲ್ಲಿ ಇಂಥ ಆಟಗಳ ಬೇರು ಬೇರೆ ಕಡೆಯಿಂದ ಬಂತು. 2005ರ ವಿಶ್ವ ಏಡ್ಸ್ ದಿನದಂದು ಇಲ್ಲಿನ ಝಡ್‌ಎಂಕ್ಯು ಸಂಸ್ಥೆ ‘ಸೇಫ್ಟಿ ಕ್ರಿಕೆಟ್’ ಮುಂತಾದ ಮೊಬೈಲ್ ಆಟಗಳನ್ನು ಬಿಟ್ಟಿತು. ಸ್ಮಾರ್ಟ್‌ಫೋನ್ ಇನ್ನೂ ಹರಡಿರದ ಕಾಲದಲ್ಲಿ, ಪುಟ್ಟ ಪರದೆಯ ಅಗ್ಗದ ಫೋನಿನಲ್ಲಿ! 2012ರಲ್ಲಿ ಶಾಂತಿ ಶಿಕ್ಷಣಕ್ಕಾಗಿ ಯುನೆಸ್ಕೋದ ಮಹಾತ್ಮ ಗಾಂಧಿ ಸಂಸ್ಥೆ ದೆಹಲಿಯಲ್ಲಿ ಶುರುವಾಯಿತು. 2016ರಲ್ಲಿ ಆಟಗಳು ಮತ್ತು ಶಾಂತಿ ಶಿಕ್ಷಣ ಕುರಿತ ಪಾಲ್ ದರ್ವಾಸಿಯವರ ಪ್ರಬಂಧವನ್ನೂ, 2017ರಲ್ಲಿ ‘ವರ್ಲ್ಡ್ ರೆಸ್ಕ್ಯೂ’ ಆಟವನ್ನೂ ಅದು ಹೊರತಂದಿತು.

ಅದೇ 2017ರಲ್ಲಿ, ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಸಲಹೆ ಪಡೆದ ‘ಆರ್ಮಾ 3’ ಯುದ್ಧದ ಆಟಕ್ಕೆ ‘ಲಾಸ್ ಆಫ್ ವಾರ್’ ವಿಸ್ತರಣೆ ಬಂತು. ನಾಯಕ ಬಾಂಬು ತೆಗೆಯುವವನು. ಊರು ಹಾಳಾದ ಬಗೆಯನ್ನು ನೆನಪುಗಳಲ್ಲಿ ಬಿಚ್ಚುತ್ತಾನೆ. ಬರಹ ಚೆನ್ನಾಗಿದೆ, ಆದರೆ ಆತ ಒಂಟಿ. 2020ರಲ್ಲಿ ಅದೇ ಸಮಿತಿ ಫೋರ್ಟ್‌ನೈಟ್‌ನಲ್ಲಿ ತಂದ ‘ಲೈಫ್‌ರನ್’ನಲ್ಲಿ ಹಲವರು ಸೇರಿ ಆಡಬಹುದು, ನೆಲಬಾಂಬನ್ನೂ ತೆಗೆಯಬಹುದು. ಉದ್ದೇಶ ಒಳ್ಳೆಯದೇ. ಅದರಲ್ಲಿನ ಬೇಗ ಮುಗಿಸುವ ಹುಮ್ಮಸ್ಸು ಮಾತ್ರ ಈ ಕೆಲಸಕ್ಕೆ ಹೇಳಿಸಿದ್ದಲ್ಲ.

ದೆಹಲಿ ಮೆಟ್ರೋದಲ್ಲಿ ಫೋನು ಹಿಡಿದು ಕೂತ ಹುಡುಗರಿಗಾಗಿ ಆಟ ಕಟ್ಟುವವರು ತಂಡದಿಂದಲೇ ತೊಡಗಬೇಕು. ಶೋಧಕ ಹಿಡಿದವನಿಗೆ ಶಬ್ದ ಮಾತ್ರ ಕೇಳಲಿ, ನಕ್ಷೆ ಇನ್ನೊಬ್ಬಳ ಪರದೆಯಲ್ಲಿರಲಿ. ದನ ಎಲ್ಲಿ ಸತ್ತಿತ್ತೆಂದು ಬಲ್ಲ ದನಗಾಹಿ ಮೂರನೆಯವ. ಹೆಚ್ಚು ಹೊತ್ತು ಸುಮ್ಮನೆ ಕೂರಬೇಕಾದ ವೈದ್ಯನೂ ಬೇಕು. ಬೇಸರ ಆ ಪಾತ್ರದ ಪಾಲಿಗೆ ಬಂದದ್ದು. ಒಬ್ಬನ ಕಣ್ಣು, ಇನ್ನೊಬ್ಬನ ಕೈ ಎಂಬ ಹಂಚಿಕೆ ಆಡಿಸಬಲ್ಲದೆಂದು 2015ರ ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’ ತೋರಿಸಿಕೊಟ್ಟಿದೆ. ಗಡಿಯ ಹಳ್ಳಿ ಮಕ್ಕಳ ಆವೃತ್ತಿಯಲ್ಲಿ ಬಾಂಬು ಮುಟ್ಟುವ ಗುಂಡಿಯೇ ಇರಬಾರದು. ನಿಲ್ಲುವುದು, ಬಂದ ಹೆಜ್ಜೆಯಲ್ಲೇ ಹಿಂದಿರುಗುವುದು, ದೊಡ್ಡವರಿಗೆ ಹೇಳುವುದು, ಇಷ್ಟೇ. ಅಂಕವನ್ನು ರೈತನಿಗೆ ಮರಳಿದ ಚದರ ಮೀಟರಿನ ಮೇಲೆ ಕೊಡಲಿ. ಬಾಂಬು ತೆಗೆಯುವ ಸಂಸ್ಥೆಗಳೂ ಬಿಡಿಸಿಕೊಟ್ಟ ನೆಲದ ಲೆಕ್ಕ ಇಡುತ್ತವೆ. ದಿನವೆಲ್ಲ ಚುಚ್ಚಿದರೂ ಏನೂ ಸಿಗದ ತುಂಡೂ ಅದರಲ್ಲಿ ಸೇರುತ್ತದೆ.